ನೀರ ಮೇಲಿನ ಎಣ್ಣೆ ಹಿಡಿಯೋ ಸೆನ್ಸರ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಲ ಫ್ಯಾಕ್ಟರಿಗಳ ಕೊಳಕು ನೀರಿನ ಬಗ್ಗೆ ಬರೆದಾಗ ಕೊನೇಲಿ "ಎಣ್ಣೆ ಸೋರಿಕೆ ಹಿಡಿಯೋ ಸೆನ್ಸರ್ ಬಗ್ಗೆ ಇನ್ನೊಂದ್ಸಲ ನೋಡೋಣ" ಅಂತ ಒಂದೇ ಸಾಲು ಹಾಕಿದ್ದೆ, ಅದಕ್ಕೆ ಇಷ್ಟೊಂದು ಪತ್ರ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಟ್ಟಿದೀನಿ. ತುಂಬಾ ಜನ "ಯಾವ ಕಂಪನಿದು ತಗೊಳ್ಳೋದು ಅಷ್ಟು ಹೇಳಿ ಸಾಕು" ಅಂದಿದೀರ. ಅದೊಂದನ್ನ ಹೇಳಲ್ಲ. ಯಾಕೆ ಅಂತ ಕೆಳಗೆ ಓದ್ತಾ ಹೋದ್ರೆ ಗೊತ್ತಾಗತ್ತೆ.

ಪ್ರಶ್ನೆ: ಸರ್, ಒಂದು ಲೋಟ ಡೀಸೆಲ್ ಕೂಡ ಇರ್ಲಿಲ್ಲ, ಚೆಲ್ಲಿದ್ದು ನೀರಿನ ತೊಟ್ಟಿಗೆ ಹೋಯ್ತು, ಹತ್ತು ನಿಮಿಷದಲ್ಲಿ ಇಡೀ ತೊಟ್ಟಿ ಕಾಮನಬಿಲ್ಲು. ಅಷ್ಟು ಸ್ವಲ್ಪ ಎಣ್ಣೆ ಅಷ್ಟಗಲ ಹೇಗೆ ಹರಡತ್ತೆ? ಅಷ್ಟು ತೆಳ್ಳಗಿರೋದನ್ನ ಮೆಷಿನ್ ಹೇಗೆ ಕಂಡುಹಿಡಿಯತ್ತೆ?

ಲೆಕ್ಕ ಸುಲಭ ಇದೆ. ಒಂದು ಮಿಲಿಮೀಟರ್‌ನ ಸಾವಿರ ಭಾಗ ಮಾಡಿದ್ರೆ ಅದರಲ್ಲಿ ಒಂದು ಭಾಗ ಒಂದು ಮೈಕ್ರಾನ್. ಒಂದು ಲೀಟರ್ ಎಣ್ಣೆ ಒಂದು ಮೈಕ್ರಾನ್ ದಪ್ಪಕ್ಕೆ ಹರಡಿದ್ರೆ 1000 ಚದರ ಮೀಟರ್ ಜಾಗ ಮುಚ್ಚತ್ತೆ. ಇನ್ನೂ ತೆಳ್ಳಗೂ ಹರಡಬಹುದು. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ ಹತ್ರದ ಕ್ಲಾಫಮ್ ಅನ್ನೋ ಕಡೆ ಒಂದು ಕೊಳಕ್ಕೆ ಒಂದು ಟೀ ಚಮಚ ಎಣ್ಣೆ ಹಾಕಿ ನೋಡಿದ್ನಂತೆ, ಹೆಚ್ಚುಕಮ್ಮಿ ಅರ್ಧ ಎಕರೆ ನೀರು ಕನ್ನಡಿ ಥರ ನಯವಾಗಿ ಹೋಯ್ತು ಅಂತ 1774ರಲ್ಲಿ ಬರೆದ. ಅರ್ಧ ಎಕರೆ ಅಂದ್ರೆ ಸುಮಾರು 2000 ಚದರ ಮೀಟರ್, ಚಮಚ ಅಂದ್ರೆ 5 ಮಿಲಿಲೀಟರ್. ಭಾಗಿಸಿ ನೋಡಿ, ಮೈಕ್ರಾನ್‌ನ ನಾನೂರನೇ ಒಂದು ಭಾಗ ಬರತ್ತೆ, ಅಂದ್ರೆ ಎಣ್ಣೆಯ ಒಂದೇ ಒಂದು ಅಣುವಿನಷ್ಟು ದಪ್ಪ. ಪಾಪ ಅವನಿಗೆ ಆ ಲೆಕ್ಕ ಹಾಕೋದು ಹೊಳೀಲಿಲ್ಲ, ಅಣು ಎಷ್ಟು ದಪ್ಪ ಅಂತ ಯಾರಿಗೂ ಗೊತ್ತಿಲ್ಲದ ಕಾಲ ಅದು.

ಕಾಮನಬಿಲ್ಲಿನ ಬಣ್ಣ ಬರೋದು ಎಣ್ಣೆಗೆ ಬಣ್ಣ ಇದೆ ಅಂತ ಅಲ್ಲ. ಪದರದ ಮೇಲಿಂದ ವಾಪಸ್ ಬರೋ ಬೆಳಕು, ತಳದಿಂದ ವಾಪಸ್ ಬರೋ ಬೆಳಕು ಎರಡೂ ಸೇರಿದಾಗ ಕೆಲವು ಬಣ್ಣ ಎದ್ದು ಕಾಣತ್ತೆ ಕೆಲವು ಅಳಿಸಿ ಹೋಗತ್ತೆ, ಅಷ್ಟೇ. ಹಾಗಾಗಿ ಬಣ್ಣ ನೋಡಿ ದಪ್ಪ ಅಂದಾಜು ಮಾಡಬಹುದು. ಉತ್ತರ ಸಮುದ್ರದ ಸುತ್ತಲಿನ ದೇಶಗಳು ಎಣ್ಣೆ ಮಾಲಿನ್ಯದ ಮೇಲೆ ಕಣ್ಣಿಡೋಕೆ ಬಾನ್ ಒಪ್ಪಂದ ಅಂತ ಮಾಡ್ಕೊಂಡಿದಾರೆ, ಅವರ ವಿಮಾನದವರು ಬಳಸೋ ಪಟ್ಟಿ ಹೀಗಿದೆ: ಬೆಳ್ಳಿ ಥರ ಬೂದು ಹೊಳಪಿದ್ರೆ 0.04ರಿಂದ 0.3 ಮೈಕ್ರಾನ್, ಕಾಮನಬಿಲ್ಲಾದ್ರೆ 0.3ರಿಂದ 5, ಲೋಹದ ಹೊಳಪಾದ್ರೆ 5ರಿಂದ 50, ಅದಕ್ಕಿಂತ ದಪ್ಪ ಆದ್ಮೇಲೇ ಎಣ್ಣೆಯ ನಿಜವಾದ ಬಣ್ಣ, ಕಪ್ಪೋ ಕಂದೋ, ಕಾಣೋಕೆ ಶುರು. ಅಂದ್ರೆ ನೋಡೋಕೆ ಭಾರಿ ಭಯಂಕರವಾಗಿ ಕಾಣೋ ಕಾಮನಬಿಲ್ಲಲ್ಲಿ ಎಣ್ಣೆ ಇರೋದು ಕಮ್ಮಿ, ಬಣ್ಣ ಇಲ್ಲದೆ ಮಂಕಾಗಿ ಕೂತಿರೋ ಕಪ್ಪು ತೇಪೆಯಲ್ಲೇ ಜಾಸ್ತಿ.

ಇನ್ನು ಮೆಷಿನ್‌ಗೆ ಹೇಗೆ ಗೊತ್ತಾಗತ್ತೆ ಅಂದ್ರೆ, ಎಣ್ಣೆಗೂ ನೀರಿಗೂ ಇರೋ ಮೂರು ವ್ಯತ್ಯಾಸ ಹಿಡ್ಕೊಂಡು. ಒಂದು, ಎಣ್ಣೆ ಬೆಳಕನ್ನ ನೀರಿಗಿಂತ ಜಾಸ್ತಿ ವಾಪಸ್ ಕಳಿಸತ್ತೆ. ನೇರ ಮೇಲಿಂದ ಬೆಳಕು ಬಿಟ್ರೆ ನೀರು 2 ಪರ್ಸೆಂಟ್ ವಾಪಸ್ ಕೊಟ್ರೆ ಎಣ್ಣೆ 4ರ ಹತ್ತಿರ ಕೊಡತ್ತೆ, ಲೇಸರ್ ಬಿಟ್ಟು ನೋಡೋ ಸೆನ್ಸರ್‌ಗಳು ಇದನ್ನೇ ಅಳೆಯೋದು. ಎರಡು, ಅಲ್ಟ್ರಾವೈಲೆಟ್ (ಯುವಿ) ಅನ್ನೋ ಕಣ್ಣಿಗೆ ಕಾಣದ ಬೆಳಕು ಬಿದ್ರೆ ಪೆಟ್ರೋಲಿಯಂ ಎಣ್ಣೆ ತಾನೇ ಮಿನುಗತ್ತೆ, ಅದರೊಳಗಿರೋ ಉಂಗುರದ ಥರದ ಅಣುಗಳಿಂದ ಬರೋ ಗುಣ ಅದು, ಬರೀ ನೀರಿಗೆ ಅದಿಲ್ಲ. ಮೂರು, ಕರೆಂಟ್ ವಿಷಯ. ನೀರಲ್ಲಿ ಕರೆಂಟ್ ಹರಿಯತ್ತೆ, ಎಣ್ಣೇಲಿ ಹರಿಯಲ್ಲ. ಕೆಪ್ಯಾಸಿಟರ್ ಲೆಕ್ಕದಲ್ಲಿ, ಅಂದ್ರೆ ಎರಡು ತಗಡಿನ ಮಧ್ಯೆ ಇಟ್ರೆ ಎಷ್ಟು ಚಾರ್ಜ್ ಕೂಡಿಡೋಕಾಗತ್ತೆ ಅಂತ ನೋಡಿದ್ರೆ ನೀರಿನ ನಂಬರ್ 80, ಎಣ್ಣೆದು ಬರೀ 2 ಚಿಲ್ಲರೆ. ಮಾರ್ಕೆಟ್ಟಲ್ಲಿ ಸಿಗೋ ಹೆಚ್ಚಿನ ಡಬ್ಬಗಳ ಒಳಗೆ ಈ ಮೂರರಲ್ಲಿ ಒಂದಿರತ್ತೆ, ಹೆಸರು ಏನೇ ಇರ್ಲಿ.

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಮೇಂಟೆನೆನ್ಸಲ್ಲಿ ಇದೀನಿ ಸರ್. ದೊಡ್ಡ ಟ್ರಾನ್ಸ್‌ಫಾರ್ಮರ್ ಕೆಳಗೆ ಕಾಂಕ್ರೀಟ್ ಪಿಟ್ ಇದೆ, ಮಳೆ ನೀರು ತುಂಬ್ಕೊಳತ್ತೆ, ಸಂಪ್ ಪಂಪ್ ತಾನಾಗೇ ಆನ್ ಆಗಿ ಹೊರಗಡೆ ಚರಂಡಿಗೆ ಹಾಕತ್ತೆ. ಟ್ರಾನ್ಸ್‌ಫಾರ್ಮರ್ ಸೋರಿದ್ರೆ ಎಣ್ಣೇನೂ ಜೊತೆಗೇ ಹೋಗತ್ತಲ್ಲ ಅಂತ ಈಗ ಮೇಲಿನವರಿಗೆ ಜ್ಞಾನೋದಯ ಆಗಿದೆ. ಒಬ್ಬ ಬಂದು ಪ್ರೋಬ್ (ನೀರಿಗೆ ಇಳಿಬಿಡೋ ಕಡ್ಡಿ ಥರದ ಸೆನ್ಸರ್) ಸಾಕು ಅಂತಾನೆ, ಇನ್ನೊಬ್ಬ ಯುವಿ ಸೆನ್ಸರೇ ಬೇಕು ಅಂತಾನೆ, ಮೂರನೆಯವನು ಕೇಬಲ್ ಹಾಕಿ ಅಂತಾನೆ. ಯಾರ ಮಾತು ಕೇಳ್ಲಿ?

ನಿಮ್ಮ ಜಾಗಕ್ಕೆ ಮೊದಲನೆಯವನ ಮಾತು ಕೇಳಿ. ಯಾಕೆ ಅಂತ ಹೇಳ್ತೀನಿ.

ನಿಮಗೆ ಬೇಕಾಗಿರೋದು ಏನು ಅಂತ ಮೊದಲು ಕೇಳ್ಕೊಳ್ಳಿ. ಒಂದು ಹನಿ ಎಣ್ಣೆ ಬಿದ್ರೂ ಗೊತ್ತಾಗ್ಬೇಕಾ, ಇಲ್ಲಾ ಎಣ್ಣೆ ಹೊರಗೆ ಹೋಗ್ದಂಗೆ ಪಂಪ್ ನಿಂತ್ರೆ ಸಾಕಾ? ಪಿಟ್ ಅಂದ್ಮೇಲೆ ಎರಡನೆಯದು. ಎಣ್ಣೆ ತೇಲತ್ತೆ, ಪಂಪ್ ತಳದಿಂದ ಎಳೆಯತ್ತೆ. ಪಂಪ್ ಎಳೆಯೋ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪ್ರೋಬ್ ಇಟ್ಟು, ಅದರ ಸುತ್ತ ನೀರಿದ್ರೆ ಮಾತ್ರ ಪಂಪ್ ಓಡ್ಲಿ, ಎಣ್ಣೆ ಇಳ್ಕೊಂಡು ಬಂದು ಪ್ರೋಬ್ ಮುಟ್ಟಿದ ತಕ್ಷಣ ನಿಲ್ಲಲಿ ಅಂತ ವೈರಿಂಗ್ ಮಾಡಿದ್ರೆ ನೀರೆಲ್ಲ ಹೊರಗೆ, ಎಣ್ಣೆ ಪಿಟ್‌ನಲ್ಲೇ. ಇದಕ್ಕೆ ಮೈಕ್ರಾನ್ ಲೆಕ್ಕದ ಸೂಕ್ಷ್ಮ ಏನೂ ಬೇಡ. ಆದ್ರೆ ತಳದಿಂದ ಎಳೆಯೋ ಪಂಪ್ ಹೋಗಿ, ಯಾರೋ ಮೇಲಿಂದ ಎಳೆಯೋ ಥರ ಪೈಪ್ ಸಿಕ್ಕಿಸಿದ್ರೆ ಕಥೆ ಮುಗೀತು, ಅದನ್ನ ಒಂದ್ಸಲ ಪಿಟ್‌ಗೆ ಇಳಿದು ನೀವೇ ನೋಡಿ.

ಪ್ರೋಬಲ್ಲೂ ಎರಡು ಜಾತಿ. ಕರೆಂಟ್ ಹರಿಯತ್ತಾ ಇಲ್ವಾ ಅಂತ ನೋಡೋದು ಒಂದು, ಕೆಪ್ಯಾಸಿಟರ್ ಥರದ್ದು ಇನ್ನೊಂದು. ಮಳೆ ನೀರಲ್ಲಿ ಉಪ್ಪಿನಂಶ ತುಂಬಾ ಕಮ್ಮಿ, ಕರೆಂಟ್ ಅಷ್ಟಾಗಿ ಹರಿಯಲ್ಲ, ಸರಿಯಾಗಿ ಸೆಟ್ ಮಾಡದಿದ್ರೆ ಶುದ್ಧ ಮಳೆ ನೀರನ್ನೇ ಎಣ್ಣೆ ಅಂದ್ಕೊಂಡು ಪಂಪ್ ನಿಲ್ಲಿಸತ್ತೆ, ಪಿಟ್ ತುಂಬಿ ಚೆಲ್ಲತ್ತೆ. ಕೆಪ್ಯಾಸಿಟರ್‌ದಕ್ಕೆ ಆ ತೊಂದರೆ ಇಲ್ಲ. ಕೊಳೆ ವಿಷಯ ಕೂಡ ಇದೆ: ಪ್ರೋಬ್ ಮೇಲೆ ಎಣ್ಣೆ ಜಿಡ್ಡು ಕೂತ್ರೆ ಅದು ಸುಳ್ಳು ಅಲಾರ್ಮ್ ಕೊಡತ್ತೆ, ಕಿರಿಕಿರಿ ಆದ್ರೂ ಅಪಾಯ ಇಲ್ಲ. ಆದ್ರೆ ಎರಡು ಕಡ್ಡಿ ಮಧ್ಯೆ ಒದ್ದೆ ಕೆಸರು ಸೇತುವೆ ಥರ ಕಟ್ಕೊಂಡ್ರೆ, ಸುತ್ತ ಪೂರ್ತಿ ಎಣ್ಣೆ ಇದ್ರೂ "ನೀರೇ ಇದೆ" ಅಂತಾನೇ ಹೇಳ್ತಾ ಕೂರತ್ತೆ. ಈ ಎರಡನೇ ತಪ್ಪು ನಿಜವಾದ ತಪ್ಪು. ಮಳೆಗಾಲ ಶುರುವಾಗೋ ಮುಂಚೆ ಒಂದ್ಸಲ ತೆಗೆದು ಒರೆಸೋದಕ್ಕೆ ಒಬ್ಬ ಮನುಷ್ಯನ ಹೆಸರು ಬರೆದಿಡಿ, ಡಿಪಾರ್ಟ್‌ಮೆಂಟ್ ಹೆಸರಲ್ಲ.

ಯುವಿ ಸೆನ್ಸರ್ ಕೆಟ್ಟದ್ದಲ್ಲ, ನೀರು ಮುಟ್ಟದೆ ಮೇಲಿಂದಾನೇ ನೋಡತ್ತೆ, ಒಂದು ಮೈಕ್ರಾನ್ ಹತ್ತಿರದ ಪದರ ಕೂಡ ಹಿಡಿಯೋ ತಾಕತ್ತಿದೆ. ಆದ್ರೆ ಪಿಟ್ ಖಾಲಿ ಆದಾಗ ಅದು ನೋಡೋದು ನೀರನ್ನಲ್ಲ, ಹಳೇ ಎಣ್ಣೆ ಕುಡಿದು ಕೂತಿರೋ ಕಾಂಕ್ರೀಟನ್ನ. ಬೇಸಿಗೆ ಪೂರ್ತಿ ಅಲಾರ್ಮ್. ಇನ್ನೊಂದು, ಚೆನ್ನಾಗಿ ಶುದ್ಧ ಮಾಡಿದ ಎಣ್ಣೆ ಕ್ರೂಡ್ ಆಯಿಲ್‌ನಷ್ಟು ಜೋರಾಗಿ ಮಿನುಗಲ್ಲ. ಹಾಗಾಗಿ ಕಂಪನಿಯವರು ಡೆಮೋಗೆ ಬಂದಾಗ ಅವರು ತರೋ ಶೀಶೆ ಪಕ್ಕಕ್ಕಿಡಿ, ನಿಮ್ಮ ಟ್ರಾನ್ಸ್‌ಫಾರ್ಮರಿನ ಎಣ್ಣೆ, ನಿಮ್ಮ ಪಿಟ್‌ನ ಕೊಳಕು ನೀರು, ಒಂದು ಕಪ್ಪು ಟ್ರೇ, ಇಷ್ಟು ಇಟ್ಟು "ಇದರಲ್ಲಿ ತೋರಿಸಿ" ಅನ್ನಿ. ಅರ್ಧ ಮಾತು ಅಲ್ಲೇ ನಿಂತೋಗತ್ತೆ. ಕಂಪನಿ ಹೆಸರು ಹೇಳಲ್ಲ ಅಂದಿದ್ದು ಇದಕ್ಕೇ, ಒಂದು ಎಣ್ಣೆಗೆ ಚಿನ್ನದಂಥ ಸೆನ್ಸರ್ ಇನ್ನೊಂದಕ್ಕೆ ಕುರುಡು.

ಕೇಬಲ್ ಅಂದ್ರೆ ಎಣ್ಣೆ ಹೀರ್ಕೊಂಡು ಉಬ್ಬೋ ಪಾಲಿಮರ್, ಉಬ್ಬಿದಾಗ ಅದರ ರೆಸಿಸ್ಟೆನ್ಸ್ ಬದಲಾಗತ್ತೆ, ನೀರಿಗೆ ಮಾತ್ರ ಜಗ್ಗಲ್ಲ. ಪೆಟ್ರೋಲ್, ಡೀಸೆಲ್‌ಗೆ ಬೇಗ ಓಗೊಡತ್ತೆ, ಗಟ್ಟಿ ಎಣ್ಣೆಗೆ ನಿಧಾನ. ಪೈಪ್‌ಲೈನ್ ಉದ್ದಕ್ಕೂ, ಟ್ಯಾಂಕ್ ಸುತ್ತ ಹಾಕೋಕೆ ಒಳ್ಳೇದು. ಒಂದ್ಸಲ ಎಣ್ಣೆ ಕುಡಿದ ಮೇಲೆ ಕೆಲವನ್ನ ತೊಳೆದು ಬಳಸಬಹುದು, ಕೆಲವನ್ನ ಕತ್ತರಿಸಿ ಹೊಸದೇ ಹಾಕ್ಬೇಕು, ಅದನ್ನ ಮುಂಚೇನೇ ಕೇಳಿ.

ಹಾಂ, ಒಂದು ಮರೆತಿದ್ದೆ. ನಿಮ್ಮದು ತುಂಬಾ ಹಳೇ ಟ್ರಾನ್ಸ್‌ಫಾರ್ಮರ್ ಆಗಿದ್ದು ಅದರಲ್ಲಿ ಅಸ್ಕರೆಲ್ ಅಂತ, ಪಿಸಿಬಿ ಅನ್ನೋ ವಿಷಕಾರಿ ಕೆಮಿಕಲ್‌ನ ದ್ರವ ಇದ್ರೆ ಮೇಲೆ ಬರೆದಿದ್ದೆಲ್ಲ ಮರೆತುಬಿಡಿ. ಅದು ನೀರಿಗಿಂತ ಭಾರ, ಮುಳುಗತ್ತೆ, ಪಂಪ್ ಮೊದಲು ಎಳೆಯೋದೇ ಅದನ್ನ.

ಪ್ರಶ್ನೆ: ಆನ್‌ಲೈನಲ್ಲಿ ಸಿಗೋ ಯುವಿ ಟಾರ್ಚ್ ಬಿಟ್ಟು ರಾತ್ರಿ ನೀರು ನೋಡಿದ್ರೆ ಎಣ್ಣೆ ಕಾಣತ್ತಾ?

ಕಾಣತ್ತೆ, 365 ನ್ಯಾನೋಮೀಟರ್ ಅಂತ ಬರೆದಿರೋದು ತಗೊಂಡ್ರೆ. 395ದು ಬೇಡ, ಅದರದ್ದೇ ನೇರಳೆ ಬೆಳಕು ಜಾಸ್ತಿ, ಮಿನುಗು ಮುಚ್ಚಿಹೋಗತ್ತೆ. ಕ್ರೂಡ್, ಇಂಜಿನ್ ಆಯಿಲ್, ಡೀಸೆಲ್ ಕತ್ತಲಲ್ಲಿ ನೀಲಿಯಾಗೋ ಹಳದಿಯಾಗೋ ಮಿನುಗತ್ತೆ. ಆದ್ರೆ ಬಿಳಿ ಕಾಗದದ ಚೂರು ಇನ್ನೂ ಜೋರಾಗಿ ಮಿನುಗತ್ತೆ, ಬಟ್ಟೆ ಸೋಪಿನ ನೊರೆ ಕೂಡ. ಬಿಳುಪು ಹೆಚ್ಚಿಸೋಕೆ ಅವುಗಳಿಗೆ ಹಾಕೋ ಕೆಮಿಕಲ್ ಕೆಲಸಾನೇ ಅದು. ಕಣ್ಣಿಗೆ ನೇರ ಬಿಡ್ಬೇಡಿ, ಯುವಿ ಕನ್ನಡಕ ಹಾಕ್ಕೊಳ್ಳಿ.

ಪ್ರಶ್ನೆ: ನಮ್ಮ ಕೂಲಿಂಗ್ ವಾಟರ್ ಲೈನ್ ಹೊರಗೆ ಹೋಗೋ ಜಾಗದಲ್ಲಿ ಯುವಿ ಡಿಟೆಕ್ಟರ್ ಹಾಕಿ ಒಂದು ವರ್ಷ ಆಯ್ತು ಸರ್, ದಿನಕ್ಕೆ ನಾಲ್ಕು ಸಲ ಕಿರುಚತ್ತೆ, ಹೋಗಿ ನೋಡಿದ್ರೆ ಏನೂ ಇರಲ್ಲ. ಶಿಫ್ಟ್‌ನವರು ಈಗ ಅದನ್ನ ಆಫ್ ಮಾಡಿಬಿಟ್ಟಿದಾರೆ, ನಾನೂ ಸುಮ್ನಿದೀನಿ, ಆದ್ರೆ ಒಳಗೊಳಗೇ ಭಯ.

ಭಯ ಇರೋದು ಒಳ್ಳೇದೇ, ಬರೆದಿದ್ದಕ್ಕೆ ಥ್ಯಾಂಕ್ಸ್. ಇವತ್ತಿನ ಎಲ್ಲಾ ಪತ್ರಗಳಲ್ಲಿ ನನಗೆ ಮುಖ್ಯ ಅನ್ಸಿದ್ದು ಇದೇ.

ನಾನೇ ಒಂದ್ಸಲ ಇದೇ ಥರ ಒಂದು ಪ್ಲಾಂಟ್‌ಗೆ ಹೋಗಿದ್ದೆ, ಹೆಸರು ಬೇಡ. ಅಲಾರ್ಮ್ ಪ್ಯಾನೆಲಲ್ಲಿ ಅಲಾರ್ಮ್ ಬಾಯಿ ಮುಚ್ಚಿಸೋ ಬೈಪಾಸ್ ಸ್ವಿಚ್‌ಗೆ ಟೇಪ್ ಸುತ್ತಿದ್ರು, ಟೇಪ್ ಮೇಲೆ ಧೂಳು ಕೂತು ಹಳೇದಾಗಿತ್ತು, ಯಾಕಪ್ಪಾ ಅಂದ್ರೆ "ಅದು ಸುಮ್ನೆ ಬಡ್ಕೊಳತ್ತೆ ಸರ್" ಅಂದ್ರು. ಸುಮ್ನೆ ಅಲ್ಲ. ಗಾಡಿ ತೊಳೆಯೋ ಜಾಗದ ನೀರು ಅದೇ ಕಾಲುವೆಗೆ ಬರ್ತಿತ್ತು, ಸೋಪಿನ ನೊರೆ ಸೆನ್ಸರ್ ಕೆಳಗೆ ಹಾದು ಹೋದಾಗಲೆಲ್ಲ ಅದು ಪ್ರಾಮಾಣಿಕವಾಗಿ "ಏನೋ ಮಿನುಗ್ತಿದೆ" ಅಂತ ಹೇಳ್ತಿತ್ತು. ಸೆನ್ಸರನ್ನ ಎರಡೇ ಮೀಟರ್ ಮೇಲ್ಗಡೆಗೆ, ಆ ನೀರು ಸೇರೋ ಮುಂಚಿನ ಜಾಗಕ್ಕೆ ಹಾಕಿದ್ರೆ ಮುಗೀತಿತ್ತು. ಅದಕ್ಕೆ ಮುಂಚೇನೇ ಒಂದು ಹೀಟ್ ಎಕ್ಸ್‌ಚೇಂಜರಿನ ಟ್ಯೂಬ್ (ನೀರಿಂದ ಎಣ್ಣೆ ತಣ್ಣಗೆ ಮಾಡೋ ಕೊಳವೆ) ಹೋಗಿ ಎಣ್ಣೆ ನಿಜವಾಗ್ಲೂ ಬಂದಿತ್ತು, ಮೂರು ದಿನ ಯಾರಿಗೂ ಗೊತ್ತಾಗ್ಲಿಲ್ಲ, ಕೊನೆಗೆ ಹಿಡಿದಿದ್ದು ಕಾವಲುಗಾರನ ಮೂಗು. ತೋಳ ಬಂತು ತೋಳ ಕಥೆ, ಇನ್ನೇನು.

ದೊಡ್ಡ ಮಟ್ಟದಲ್ಲೂ ಇದೇ ಆಗಿದೆ. 2010ರ ಜುಲೈ 25ರ ಸಂಜೆ ಅಮೆರಿಕದ ಮಿಶಿಗನ್ನಲ್ಲಿ ಒಂದು ದೊಡ್ಡ ಪೈಪ್‌ಲೈನ್ ಒಡೀತು, ಎಣ್ಣೆ ಹೋಗಿ ಕಲಮಜೂ ನದಿ ಸೇರ್ತು. ಕಂಟ್ರೋಲ್ ರೂಮಲ್ಲಿ ಅಲಾರ್ಮ್ ಬಂತು, ಬರ್ಲಿಲ್ಲ ಅಂತ ಅಲ್ಲ. ಪೈಪಲ್ಲಿ ಗಾಳಿ ಗುಳ್ಳೆ ಥರ ಖಾಲಿ ಜಾಗ ಆಗಿರ್ಬೇಕು ಅಂತ ಅರ್ಥ ಮಾಡ್ಕೊಂಡು, ಎರಡು ಸಲ ಪಂಪ್ ಮತ್ತೆ ಚಾಲೂ ಮಾಡಿ ಒಡೆದ ಪೈಪಿಗೆ ಇನ್ನಷ್ಟು ಎಣ್ಣೆ ತಳ್ಳಿದ್ರು. ಸೋರಿಕೆ ಅಂತ ಗೊತ್ತಾಗೋಕೆ 17 ಗಂಟೆ ಮೇಲೆ ಹಿಡೀತು, ಅದೂ ಬೇರೆ ಗ್ಯಾಸ್ ಸಂಸ್ಥೆಯ ಕೆಲಸದವನೊಬ್ಬ ಫೋನ್ ಮಾಡಿ ಹೇಳಿದ ಮೇಲೆ. ಸುಮಾರು 8,43,000 ಗ್ಯಾಲನ್ ಹೋಗಿತ್ತು ಅಷ್ಟರಲ್ಲಿ. ಅದು ತೆಳು ದ್ರಾವಕ ಬೆರೆಸಿದ ಟಾರ್ ಥರದ ಎಣ್ಣೆ, ದ್ರಾವಕ ಆವಿ ಆಗಿ ಹೋಗ್ತಿದ್ದ ಹಾಗೆ ಉಳಿದಿದ್ದರಲ್ಲಿ ಒಂದಷ್ಟು ನದಿ ತಳಕ್ಕೆ ಕೂತ್ಕೊಂಡು ಕ್ಲೀನಿಂಗ್ ವರ್ಷಗಟ್ಟಲೆ ಎಳೀತು. ಎಣ್ಣೆ ಯಾವಾಗ್ಲೂ ತೇಲತ್ತೆ ಅಂತ ನಂಬ್ಕೊಂಡು ಮೇಲೆ ಮಾತ್ರ ಸೆನ್ಸರ್ ಇಡೋರು ಇದನ್ನೂ ನೆನಪಲ್ಲಿಡ್ಬೇಕು.

ಈಗ ನಿಮ್ಮ ಡಿಟೆಕ್ಟರ್‌ಗೆ ಬರೋಣ. ಮೊದಲು ಆಫ್ ಮಾಡಿದ್ದನ್ನ ಆನ್ ಮಾಡಿ, ಸೈರನ್ ಮಾತ್ರ ಬೇಡ, ಸಿಗ್ನಲ್ ರೆಕಾರ್ಡ್ ಆಗ್ತಾ ಇರ್ಲಿ, ಎರಡು ವಾರ. ಯಾವ ಹೊತ್ತಲ್ಲಿ ಏರತ್ತೆ ಅಂತ ನೋಡಿ. ದಿನಾ ಅದೇ ಟೈಮಿಗೆ ಏರಿದ್ರೆ ಯಾರೋ ಏನೋ ತೊಳೀತಿದಾರೆ ಅಥವಾ ಬಿಸಿಲು ಆ ಕೋನದಲ್ಲಿ ಬೀಳ್ತಿದೆ. ಒಳ್ಳೇ ಸೆನ್ಸರ್‌ಗಳು ಬೆಳಕನ್ನ ಮಿಂಚು ಥರ ಬಿಟ್ಟು ಬಿಟ್ಟು ನೋಡಿ ಬಿಸಿಲಿನ ಪಾಲು ಕಳೆದುಬಿಡ್ತವೆ, ಆದ್ರೂ ನೀರಿಂದ ನೇರ ಸೆನ್ಸರ್ ಕಣ್ಣಿಗೆ ಹೊಡೆಯೋ ಬಿಸಿಲಿಗೆ ಕೆಲವು ಸೋಲತ್ತೆ, ಒಂದು ತಗಡಿನ ನೆರಳು ಸಾಕು. ಮಳೆ ಬಂದಾಗ, ನೀರಿನ ಮಟ್ಟ ಏರಿದಾಗ ಮಾತ್ರ ಆದ್ರೆ ದೂರದ ಲೆಕ್ಕ, ನೀರು ಹತ್ತಿರ ಬಂದಷ್ಟೂ ಸಿಗ್ನಲ್ ಜೋರಾಗತ್ತೆ. ಯಾವಾಗ್ಲೂ ಸ್ವಲ್ಪ ಸ್ವಲ್ಪ ಇದ್ರೆ, ಬೇಜಾರು ಮಾಡ್ಕೋಬೇಡಿ, ನಿಮ್ಮಲ್ಲಿ ನಿಜವಾಗ್ಲೂ ಸಣ್ಣ ಸೋರಿಕೆ ಇರಬಹುದು. ಹೋಗಿ ನೋಡಿದ್ರೆ ಏನೂ ಇರಲ್ಲ ಅಂದ್ರಲ್ಲ, ಹರಿಯೋ ನೀರಲ್ಲಿ ನೀವು ಪ್ಯಾನೆಲ್ ಬಿಟ್ಟು ಅಲ್ಲಿಗೆ ನಡ್ಕೊಂಡು ಹೋಗೋಷ್ಟರಲ್ಲಿ ಅದು ಹೋಗಾಗಿರತ್ತೆ.

ಆಮೇಲೆ ಟೈಮ್ ಡಿಲೇ ಕೊಡಿ. ಒಂದು ಕ್ಷಣದ ಏರಿಕೆಗೆ ಅಲಾರ್ಮ್ ಬೇಡ, ಅರ್ಧ ನಿಮಿಷವೋ ಒಂದು ನಿಮಿಷವೋ ಸಿಗ್ನಲ್ ನಿಂತಿದ್ರೆ ಮಾತ್ರ. ಎರಡು ಹಂತ ಮಾಡಿ, ಮೊದಲನೆಯದಕ್ಕೆ ಬರೀ ದೀಪ, ಎರಡನೆಯದಕ್ಕೆ ಸೈರನ್. ಜಾಗಾನೂ ಬದಲಾಯಿಸಿ ನೋಡಿ: ರಭಸದ ನೀರಲ್ಲಿ ಎಣ್ಣೆ ಒಳಗೆ ಬೆರೆತು ಮೇಲೆ ಪದರಾನೇ ಕಟ್ಟಲ್ಲ, ನೀರು ನಿಧಾನ ಆಗೋ ಕಡೆ, ಅಡ್ಡ ಹಲಗೆ ಹಾಕಿ ತಡೆದ ಕಡೆ ಸೆನ್ಸರ್ ಇರ್ಬೇಕು. ನಿಂತ ನೀರಾದ್ರೆ ಗಾಳಿ ನೋಡಿ, ಎಣ್ಣೆ ಪದರ ಗಾಳಿಯ ವೇಗದ ಸುಮಾರು 3 ಪರ್ಸೆಂಟ್ ವೇಗದಲ್ಲಿ ಗಾಳಿ ಬೀಸೋ ದಿಕ್ಕಿಗೆ ಸರೀತಾ ಹೋಗಿ ಒಂದು ಮೂಲೇಲಿ ಕೂರತ್ತೆ. ನಿಮ್ಮ ಸೆನ್ಸರ್ ಎದುರು ಮೂಲೇಲಿದ್ರೆ ಜೀವಮಾನ ಪೂರ್ತಿ ಶಾಂತವಾಗಿರತ್ತೆ, ನೀವೂ ಖುಷಿಯಾಗಿರ್ತೀರ, ಎಣ್ಣೆ ಮಾತ್ರ ಆ ಕಡೆ ಇರತ್ತೆ.

ಟೆಸ್ಟ್ ಮಾಡೋಕೆ ನೀರಿಗೆ ಎಣ್ಣೆ ಸುರೀಬೇಡಿ, ಅದೇ ಒಂದು ಸೋರಿಕೆ. ಸೆನ್ಸರ್ ಜೊತೆ ಒಂದು ಮಿನುಗೋ ಪ್ಲೇಟ್ ಕೊಟ್ಟಿರ್ತಾರೆ, ಅದನ್ನ ಕೋಲಿಗೆ ಸಿಕ್ಕಿಸಿ ಕೆಳಗೆ ಹಿಡಿದ್ರೆ ಸಾಕು. ಕಳೆದುಹೋಗಿದ್ರೆ ಒಂದು ಬಿಳಿ ಹಾಳೆ ಹಿಡಿದು ನೋಡಿ, ಕಣ್ಣು ತೆರೆದಿದ್ಯಾ ಅಂತಾದ್ರೂ ಗೊತ್ತಾಗತ್ತೆ. ಪ್ಲೇಟ್ ಹಿಡಿದಾಗ ಸೈರನ್ ಆದ್ರೆ ಸಾಲದು. ವಾಲ್ವ್ ಮುಚ್ತಾ, ಯಾರಿಗೆ ಫೋನ್ ಹೋಯ್ತು, ಆ ಯಾರೋ ಎತ್ತಿದ್ರಾ, ಅಷ್ಟೂ ನೋಡಿ.

ಪ್ರಶ್ನೆ: ಹಡಗಲ್ಲಿ 15 ಪಿಪಿಎಂ ಮೀಟರ್ ಅಂತ ಇರತ್ತಲ್ಲ, ಅದೂ ಇದೂ ಒಂದೇನಾ?

ಅಲ್ಲ. ಅದು ಪೈಪ್ ಒಳಗಿನ ನೀರಲ್ಲಿ ಬೆರೆತಿರೋ ಸಣ್ಣ ಸಣ್ಣ ಎಣ್ಣೆ ಹನಿ ಅಳೆಯೋದು, ಬೆಳಕು ಬಿಟ್ಟು ಅದು ಎಷ್ಟು ಚೆದುರತ್ತೆ ಅಂತ ನೋಡಿ. ಹಡಗಿನ ತಳದಲ್ಲಿ ಕೂಡೋ ನೀರನ್ನ ಹೊರಗೆ ಬಿಡೋವಾಗ ಹತ್ತು ಲಕ್ಷದಲ್ಲಿ 15 ಪಾಲಿಗಿಂತ ಎಣ್ಣೆ ಜಾಸ್ತಿ ಇರಬಾರ್ದು ಅಂತ ಮಾರ್ಪೋಲ್ (ಹಡಗುಗಳ ಮಾಲಿನ್ಯ ತಡೆಯೋ ಅಂತರರಾಷ್ಟ್ರೀಯ ಒಪ್ಪಂದ) ನಿಯಮ, ದಾಟಿದ್ರೆ ವಾಲ್ವ್ ತಾನಾಗೇ ತಿರುಗಿ ನೀರು ವಾಪಸ್ ಹಡಗಿನ ಟ್ಯಾಂಕಿಗೇ ಹೋಗ್ಬೇಕು. ನಾವು ಇಲ್ಲಿ ಮಾತಾಡ್ತಿರೋದು ನೀರಿನ ಮೇಲೆ ತೇಲೋ ಪದರದ್ದು.

ಪ್ರಶ್ನೆ: ಈಗೆಲ್ಲ ಸ್ಯಾಟಲೈಟಲ್ಲೇ ನೋಡಬಹುದಲ್ಲ ಸರ್, ಸಮುದ್ರದಲ್ಲಿ ಸೆನ್ಸರ್ ಯಾಕೆ ಬೇಕು?

ನೋಡಬಹುದು, ನೋಡ್ತಾನೂ ಇದಾರೆ. ಯುರೋಪಿನ ಕಡಲ ಸುರಕ್ಷತಾ ಏಜೆನ್ಸಿ 2007ರಿಂದ ಕ್ಲೀನ್‌ಸೀನೆಟ್ ಅಂತ ಇದೇ ಕೆಲಸಕ್ಕೆ ನಡೆಸ್ತಿದೆ, 2014ರಲ್ಲಿ ಹಾರಿದ ಸೆಂಟಿನೆಲ್-1 ಥರದ ರೇಡಾರ್ ಸ್ಯಾಟಲೈಟ್‌ಗಳ ಚಿತ್ರ ಬಳಸ್ತಾರೆ. ರೇಡಾರ್‌ಗೆ ರಾತ್ರಿ, ಮೋಡ ಯಾವುದೂ ಅಡ್ಡಿ ಇಲ್ಲ. ತಮಾಷೆ ಏನಂದ್ರೆ ಅದಕ್ಕೆ ಎಣ್ಣೆ ಕಾಣೋದೇ ಇಲ್ಲ, ಅಲೆ ಇಲ್ಲದಿರೋದು ಕಾಣತ್ತೆ. ಎಣ್ಣೆ ಸಣ್ಣ ಸಣ್ಣ ತೆರೆಗಳನ್ನ ಸಮ ಮಾಡಿಬಿಡತ್ತೆ, ಫ್ರಾಂಕ್ಲಿನ್ ಕೊಳದಲ್ಲಿ ಕಂಡಿದ್ದೂ ಇದೇ, ಆ ಜಾಗ ರೇಡಾರ್ ಚಿತ್ರದಲ್ಲಿ ಕಪ್ಪಾಗಿ ಬೀಳತ್ತೆ. ಹಾಗಾಗಿ ಗಾಳಿ ಇಲ್ಲದ ದಿನ, ಸೆಕೆಂಡಿಗೆ 2-3 ಮೀಟರ್‌ಗಿಂತ ಕಮ್ಮಿ ಇದ್ರೆ, ಇಡೀ ಸಮುದ್ರಾನೇ ಕಪ್ಪು. 10-12 ದಾಟಿದ್ರೆ ಅಲೆ ಹೊಡೆತಕ್ಕೆ ಪದರ ಚೂರಾಗಿ ಏನೂ ಕಾಣಲ್ಲ. ಪಾಚಿ, ಮೀನಿನ ಜಿಡ್ಡು, ಜೋರು ಮಳೆ ಬಿದ್ದ ಜಾಗ ಕೂಡ ಕಪ್ಪಾಗೇ ಕಾಣತ್ತೆ. ಅದಕ್ಕೇ ಸ್ಯಾಟಲೈಟ್ ಅನುಮಾನ ಪಟ್ಟ ಮೇಲೆ ವಿಮಾನ ಕಳಿಸಿ ಖಾತ್ರಿ ಮಾಡ್ಕೊಳ್ಳೋದು. ವಿಮಾನದ ಯುವಿ ಕ್ಯಾಮೆರಾಗೆ ತೆಳು ಪದರ ಕಾಣತ್ತೆ, ಇನ್‌ಫ್ರಾರೆಡ್ಡಿಗೆ ದಪ್ಪದ್ದು, ಎರಡೂ ಸೇರಿಸಿ ನೋಡಿದ್ರೆ ಬೋಟ್ ಎಲ್ಲಿಗೆ ಕಳಿಸ್ಬೇಕು ಅಂತ ಗೊತ್ತಾಗತ್ತೆ. 90 ಪರ್ಸೆಂಟ್ ಎಣ್ಣೆ 10 ಪರ್ಸೆಂಟ್ ಜಾಗದಲ್ಲಿರತ್ತೆ ಅಂತ ಆ ಕೆಲಸದವರ ಬಾಯಲ್ಲಿ ಒಂದು ಲೆಕ್ಕ ಇದೆ.

ಸ್ಯಾಟಲೈಟ್ ನಿಮ್ಮ ಜಾಗದ ಮೇಲೆ ಹಾಯೋದು ಅದರ ಟೈಮ್ ಟೇಬಲ್ ಪ್ರಕಾರ. ಬಂದರಿನಲ್ಲಿ ಹಡಗಿಗೆ ಎಣ್ಣೆ ತುಂಬಿಸೋವಾಗ ಹೋಸ್ ಬಿಚ್ಕೊಂಡ್ರೆ ಅದು ನಾಳಿದ್ದು ಬಂದು ನೋಡಿ ಏನು ಪ್ರಯೋಜನ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಜೆಟ್ಟಿ ಕಂಬಕ್ಕೆ ಕಟ್ಟಿದ ಸೆನ್ಸರ್ ನಿಮಿಷದಲ್ಲಿ ಹೇಳತ್ತೆ. ಇನ್ನು ಮೇಲಿಂದ ನೋಡೋ ಯಾವುದಕ್ಕೂ ಕಾಣದ್ದೂ ಇದೆ: 2010ರ ಏಪ್ರಿಲ್ 20ಕ್ಕೆ ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಬಾವಿ ಕೊರೀತಿದ್ದ ಡೀಪ್‌ವಾಟರ್ ಹೊರೈಜನ್ ಅನ್ನೋ ರಿಗ್ ಸಿಡಿದು 87 ದಿನ ಎಣ್ಣೆ ಬಂದಾಗ ಅದರಲ್ಲೊಂದಷ್ಟು ಮೇಲೆ ಬರ್ಲೇ ಇಲ್ಲ, ಸುಮಾರು 1,100 ಮೀಟರ್ ಆಳದಲ್ಲಿ ಸಣ್ಣ ಹನಿಗಳ ಮೋಡದ ಥರ ಮೈಲುಗಟ್ಟಲೆ ಹರಡಿತ್ತು. ಅದನ್ನ ಹುಡುಕೋಕೆ ನೀರೊಳಗೇ ಉಪಕರಣ ಇಳಿಸ್ಬೇಕಾಯ್ತು.

ಪ್ರಶ್ನೆ: ಕಾಡೊಳಗಿನ ಒಂದು ಹೊಂಡದ ನೀರಲ್ಲಿ ಬಣ್ಣ ಬಣ್ಣದ ಹೊಳಪಿದೆ, ಸುತ್ತಮುತ್ತ ರಸ್ತೆ ಇಲ್ಲ, ಫ್ಯಾಕ್ಟರಿ ಇಲ್ಲ. ನೆಲದೊಳಗೆ ಎಣ್ಣೆ ಇದ್ಯಾ? ಯಾವ ಮೆಷಿನ್ ತರ್ಲಿ?

ಮೆಷಿನ್ ಬೇಡ, ಒಂದು ಕಡ್ಡಿ ತಗೊಳ್ಳಿ. ಆ ಹೊಳಪಿಗೆ ಚುಚ್ಚಿ ಎಳೀರಿ. ಪೆಟ್ರೋಲಿಯಂ ಆದ್ರೆ ಕಡ್ಡಿ ಸುತ್ತ ಸುಳಿ ಸುತ್ಕೊಂಡು ಮತ್ತೆ ಕೂಡ್ಕೊಳತ್ತೆ. ಗಾಜು ಒಡೆದ ಹಾಗೆ ಚೂರು ಚೂರಾಗಿ ಬಿರುಕು ಬಿಟ್ಟು ಹಾಗೇ ಬೇರೆ ಬೇರೆ ನಿಂತ್ರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ, ತಳದಲ್ಲಿ ಕಿತ್ತಳೆ ಬಣ್ಣದ ಲೋಳೆ ಕೂಡ ಕಾಣ್ಬೇಕು. ಹತ್ತಕ್ಕೆ ಒಂಬತ್ತು ಸಲ ಇಂಥ ಹೊಂಡದಲ್ಲಿ ಇರೋದು ಅದೇ ಅಂತ ನನ್ನ ಅನುಭವ, ಆದ್ರೂ ಚುಚ್ಚಿ ನೋಡಿ ಬರೀರಿ. ಮತ್ತೆ ಕೂಡ್ಕೊಂಡ್ರೆ ಆ ನೀರನ್ನ ಗಾಜಿನ ಶೀಶೇಲಿ ಹಿಡಿದಿಡಿ, ಪ್ಲಾಸ್ಟಿಕ್ ಬಾಟಲಲ್ಲಿ ಬೇಡ, ಎಣ್ಣೆ ಅದರ ಗೋಡೆಗೇ ಅಂಟ್ಕೊಂಡು ಲ್ಯಾಬಿಗೆ ಹೋಗೋಷ್ಟರಲ್ಲಿ ನೀರಲ್ಲಿ ಕಮ್ಮಿ ಆಗಿಬಿಟ್ಟಿರತ್ತೆ.